ಫ್ಯೂಸ್ ತೆಗೆದ ಮೇಲೂ

ಬಸವಂತ್ರಾಯ ಕಾಂಟ್ರ್ಯಾಕ್ಟರ್ ನನ್ನ ಅಂಗಡಿಗೆ ತಾನಾಗಿಯೇ ಬಂದ. ಹನ್ನೊಂದು ವರ್ಷ ಅವನ ಹೆಸರು ಕಿವಿಗೆ ಬಿದ್ದರೆ ನನ್ನ ಮೈ ಉರಿಯುತ್ತಿತ್ತು. ಆದರೂ ಸುರಪುರದ ಅವನ ಮನೆ ಬಾಗಿಲಿಗೆ ಹೋಗಿ ಕೂಗಾಡುವ ದಡ್ಡತನ ನಾನು ಮಾಡಿರಲಿಲ್ಲ. ಎಂದಾದರೂ ಕೈಗೆ ಸಿಗುತ್ತಾನೆ ಅಂತ ಹಲ್ಲು ಕಚ್ಚಿಕೊಂಡು ಕಾದಿದ್ದೆ. ಕಳೆದ ಮಾರ್ಚಿನ ಒಂದು ಬೆಳಿಗ್ಗೆ ಸಿಕ್ಕ. ಅದೂ ಮಿನಿ ಬಸ್ಸೊಂದರ ಸ್ಟೇರಿಂಗ್ ಹಿಡಿದು, ಊರಿಗೆಲ್ಲ ಕೇಳುವ ಹಾಗೆ ಹಾರ್ನ್ ಹೊಡೆಯುತ್ತ.

ನನ್ನ ಅಂಗಡಿ ಇರುವುದು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ, ಬಾಷುಮಿಯಾ ಚಾಚಾನ ಗ್ಯಾರೇಜಿನ ಪಕ್ಕ. ಚಾಚಾ ಲಾರಿ ಬಸ್ಸುಗಳಿಗೆ ಬಾಡಿ ಕಟ್ಟುತ್ತಾನೆ, ನಾನು ವಾಯರಿಂಗ್ ಮತ್ತು ಸೋಲಾರ್ ಕೆಲಸ ಮಾಡುತ್ತೇನೆ. ಬೋರ್ಡಿನ ಮೇಲೆ 'ಮಿತ್ರಾ ಸೋಲಾರ್' ಎಂದಷ್ಟೇ ಇದೆ. ನನ್ನ ಪೂರ್ತಿ ಹೆಸರು ಸಂಘಮಿತ್ರಾ. ಪೂರ್ತಿ ಹಾಕಿದರೆ ಗಿರಾಕಿಗಳು ಊರು ಕೇಳುತ್ತಾರೆ, ಊರು ಹೇಳಿದರೆ ಓಣಿ ಕೇಳುತ್ತಾರೆ. ಅಷ್ಟಕ್ಕೆಲ್ಲ ಉತ್ತರ ಕೊಡುವ ತಾಳ್ಮೆ ನನಗಿಲ್ಲ.

ಅವನು ನನ್ನನ್ನು ಗುರುತಿಸಲಿಲ್ಲ. ಗುರುತಿಸುವುದಕ್ಕೆ ಅವನು ನನ್ನನ್ನು ನೋಡಿದ್ದಾದರೂ ಯಾವಾಗ? ಅಪ್ಪ ಸತ್ತಾಗ ನನಗೆ ಹದಿನೇಳು, ಮೂಲೆಯಲ್ಲಿ ಕೂತಿದ್ದೆ. ಅವನು ಬಂದ, ಸುಳ್ಳು ಹೇಳಿದ, ಹೋದ. ನಾನು ಮಾತ್ರ ಅವನ ಬೋಳು ತಲೆ, ಎಡಗೈಯ ಎರಡು ಉಂಗುರ, ಮಾತಿನ ನಡುವೆ ಗಂಟಲು ಕೆರೆಯುವ ರೀತಿ, ಒಂದನ್ನೂ ಮರೆತಿರಲಿಲ್ಲ.

ನನ್ನಪ್ಪ ದೇವಿಂದ್ರ ವಾಯರ್‌ಮನ್ ಆಗಿದ್ದ. ಇದೇ ಬಸವಂತ್ರಾಯನ ಕೈಕೆಳಗೆ ಒಂಬತ್ತು ವರ್ಷ ಕಂಬ ಹತ್ತಿದವನು. ಹತ್ತುವ ಮೊದಲು ಲೈನಿನ ಫ್ಯೂಸ್ ಡಬ್ಬಿಯೊಳಗಿನ ಪಿಂಗಾಣಿ ಫ್ಯೂಸನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುವುದು ಅವನ ಕಟ್ಟುನಿಟ್ಟು. ಡಬ್ಬಿಯಲ್ಲೇ ಬಿಟ್ಟರೆ ಯಾರಾದರೂ ಹಚ್ಚಿಯಾರು, ಕಿಸೆಯಲ್ಲಿದ್ದರೆ ತಾನು ಇಳಿದು ಬರುವ ತನಕ ಲೈನಿಗೆ ಕರೆಂಟ್ ಬರುವುದಿಲ್ಲ. ನಮ್ಮ ಕಡೆಯ ಹಳೆ ವಾಯರ್‌ಮನ್‌ಗಳು ಹಾಗೇ ಮಾಡುತ್ತಾರೆ. ನಮ್ಮ ಕಡೆ ಇನ್ನೊಂದು ಚಾಳಿಯೂ ಇದೆ. ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ, ಇಲ್ಲವೇ ಕೈಗೆ ಸಿಗದಿದ್ದರೆ, ಅದರ ಜಾಗದಲ್ಲಿ ಒಂದು ದಪ್ಪ ತಾಮ್ರದ ತಂತಿ ಸುತ್ತಿ ಕೆಲಸ ಸಾಗಿಸಿಬಿಡುತ್ತಾರೆ.

ಕಡೇಚೂರಿನ ಹತ್ತಿರ ಕೂಲಿಯವರ ಶೆಡ್ಡುಗಳಿಗೆ ಬೀದಿ ದೀಪ ಹಾಕುವ ಕೆಲಸ ನಡೆದಿತ್ತು. ಸಂಜೆ ಆರಕ್ಕೆ ಅಪ್ಪ ಕೊನೆಯ ಕಂಬದ ಮೇಲಿದ್ದ. ಯಾರೋ ಅಧಿಕಾರಿ ದೀಪ ನೋಡಲು ಬಂದಿದ್ದರಂತೆ. ಇದ್ದಕ್ಕಿದ್ದಂತೆ ಲೈನಿಗೆ ಕರೆಂಟ್ ಬಂತು, ಅಪ್ಪ ಬಿದ್ದ, ದವಾಖಾನೆಗೆ ಒಯ್ಯುವಾಗ ಸೈದಾಪುರ ದಾಟುವಷ್ಟರಲ್ಲಿ ಜೀವ ಹೋಗಿತ್ತು. ಕುಡಿದು ಕಂಬ ಹತ್ತಿದ್ದ, ಫ್ಯೂಸ್ ಕೀಳುವುದನ್ನೇ ಮರೆತ ಅಂತ ಬಸವಂತ್ರಾಯ ಎಲ್ಲರಿಗೂ ಹೇಳಿದ. ಮಣ್ಣು ಮಾಡಿದ ದಿನ ದವಾಖಾನೆಯಿಂದ ಬಂದ ಬಟ್ಟೆಯ ಗಂಟು ಬಿಚ್ಚಿದಾಗ ಅಪ್ಪನ ಅಂಗಿಯ ಕಿಸೆಯಿಂದ ಫ್ಯೂಸ್ ಜಾರಿ ಬಿತ್ತು. ಎತ್ತಿಕೊಂಡವರು ಬಸವಂತ್ರಾಯನ ಹೆಂಡತಿ ಕಲ್ಯಾಣಮ್ಮ. ಇದೇನ್ರಿ ಅಂತ ಅವರು ಗಂಡನನ್ನು ಕೇಳಿದರು. ಕುಡುಕರ ಕಿಸೆಯಲ್ಲಿ ಏನು ಬೇಕಾದರೂ ಇರುತ್ತದೆ, ಯಾವುದೋ ಹಳೇದು ಅಂದ ಅವನು. ಕಲ್ಯಾಣಮ್ಮ ಅದನ್ನು ಅವ್ವನ ಕೈಯಲ್ಲಿಟ್ಟು, ಗಂಡನ ಕುಡಿತವನ್ನು ನೀನು ಬಿಡಿಸಬೇಕಿತ್ತು ಅಂತ ಬುದ್ಧಿ ಹೇಳಿ ಹೋದರು.

ನಮ್ಮೂರು ಸಗರದ ಬುದ್ಧ ವಿಹಾರದಲ್ಲಿ ಹುಣ್ಣಿಮೆಗೊಮ್ಮೆ ಎಲ್ಲರಿಗೂ ಪಂಚಶೀಲ ಹೇಳಿಸುತ್ತಿದ್ದವನು ನನ್ನಪ್ಪ. ಐದನೆಯ ಶೀಲ ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎಂಬುದು. ಅಂಥವನು ಕುಡಿದು ಸತ್ತ ಅಂದರೆ ಊರಿನ ಬಾಯಿಗೆ ಹಬ್ಬ. ಬಾಯಲ್ಲಿ ಶೀಲ ಹೊಟ್ಟೆಯಲ್ಲಿ ಸಿಂಧಿ ಅಂತ ನಮ್ಮ ಓಣಿಯವರೇ ಆಡಿಕೊಂಡರು. ಅವ್ವ ದೇವಕಮ್ಮ ಅವತ್ತಿನಿಂದ ವಿಹಾರದೊಳಗೆ ಕಾಲಿಟ್ಟಿರಲಿಲ್ಲ. ಹುಣ್ಣಿಮೆಗೆ ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತು ಕೈಮುಗಿದು ಬರುತ್ತಿದ್ದಳು. ಒಳಗೆ ಬಾ ಅಂತ ವಿಹಾರದ ಹಿರಿಯರಾದ ಅಂಬ್ರಪ್ಪ ಮಾಸ್ತರರೂ ಒಮ್ಮೆಯೂ ಕರೆಯಲಿಲ್ಲ. ನನಗೆ ಬೇಕಾಗಿದ್ದು ಒಂದೇ. ಅಪ್ಪ ಕುಡಿದಿರಲಿಲ್ಲ ಎಂಬ ಮಾತು ಬಸವಂತ್ರಾಯನ ಬಾಯಿಂದಲೇ ಹೊರಡಬೇಕು, ಅದೂ ಆ ವಿಹಾರದೊಳಗೆ, ಅದೇ ಜನರ ಮುಂದೆ.

ಈಗ ಆ ಬಾಯಿ ನನ್ನ ಅಂಗಡಿಯ ಮುಂದೆ ನಿಂತು ಸೋಲಾರಿನ ಕತೆ ಹೇಳುತ್ತಿತ್ತು.

ಕೆಲಸ ಬಿಟ್ಟ ಮೇಲೆ ದೇಶ ಸುತ್ತುವ ಆಸೆ ಹುಟ್ಟಿತಂತೆ. ಹೆಂಡತಿಗೆ ಮಂಡಿ ನೋವು, ಲಾಡ್ಜಿನ ಮೆಟ್ಟಿಲು ಹತ್ತಲಾರರು. ಅದಕ್ಕೆ ಯಾವುದೋ ಶಾಲೆ ಮಾರಿದ ಹಳೆ ಮಿನಿ ಬಸ್ಸು ಕೊಂಡು, ಚಾಚಾನನ್ನು ಸುರಪುರಕ್ಕೇ ಕರೆಸಿಕೊಂಡು ಅವನ ಕೈಯಿಂದ ಮನೆಯನ್ನಾಗಿ ಮಾಡಿಸಿದ್ದ. ಒಳಗೆ ಮಂಚ, ಅಡುಗೆ ಕಟ್ಟೆ, ಬಟ್ಟೆಯ ಕಪಾಟು, ಸಣ್ಣ ಕೂಲರ್, ಮೇಲೆ ನಾಲ್ಕು ಸೋಲಾರ್ ಪ್ಯಾನೆಲ್. ಅವನು ಅದನ್ನು ಮೋಟಾರ್ ಹೋಮ್ ಅನ್ನುತ್ತಿದ್ದ, ಗ್ಯಾರೇಜಿನವರೆಲ್ಲ ಮನಿ ಬಸ್ಸು ಅನ್ನುತ್ತಿದ್ದರು. ವಾಯರಿಂಗನ್ನು ಬೇರೆಯವರ ಕೈಗೆ ಕೊಡದೆ ತಾನೇ ನಿಂತು ಮಾಡಿಸಿದ್ದೇನೆ ಅಂತ ಎದೆಯುಬ್ಬಿಸಿ ಹೇಳಿದ. ಆದರೆ ಬ್ಯಾಟರಿ ಮಾತ್ರ ಒಂದು ತಾಸಿಗೆ ಕೈಕೊಡುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಹಾಡು.

ನೋಡಿದ ಐದೇ ನಿಮಿಷಕ್ಕೆ ನನಗೆ ರೋಗ ಗೊತ್ತಾಯಿತು. ಪ್ಯಾನೆಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಉಣಿಸುವ ಪೆಟ್ಟಿಗೆಗೆ ಚಾರ್ಜ್ ಕಂಟ್ರೋಲರ್ ಅನ್ನುತ್ತಾರೆ. ಬ್ಯಾಟರಿ ತುಂಬಿತೋ ಇಲ್ಲವೋ ಅಂತ ಅದು ನೋಡುತ್ತಿರಬೇಕು, ಅದಕ್ಕೇ ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಇವನು ಅದನ್ನು ಡ್ರೈವರ್ ಸೀಟಿನ ಪಕ್ಕ ಬಿಗಿದಿದ್ದ. ಬ್ಯಾಟರಿ ಇದ್ದದ್ದು ಹಿಂದೆ ಮಂಚದ ಕೆಳಗೆ, ನಡುವೆ ಇಪ್ಪತ್ತು ಅಡಿ ತೆಳು ವಾಯರು. ಅಷ್ಟು ದೂರದ ತೆಳು ವಾಯರಿನಲ್ಲಿ ವೋಲ್ಟೇಜು ದಾರಿಯಲ್ಲೇ ಕುಸಿಯುತ್ತದೆ. ಬ್ಯಾಟರಿ ಅರ್ಧವೂ ತುಂಬದೆ ಇರುವಾಗಲೇ ಕಂಟ್ರೋಲರು ತುಂಬಿತು ಅಂತ ತಿಳಿದು ಕೈ ತೊಳೆದುಕೊಳ್ಳುತ್ತಿತ್ತು. ಮುಂದೆ ಯಾಕೆ ಹಾಕಿಸಿದಿರಿ ಅಂತ ಕೇಳಿದರೆ, ಬಂದವರಿಗೆ ಹಸಿರು ದೀಪ ಮಿಣಮಿಣ ಅನ್ನುವುದು ಕಾಣಲಿ ಅಂತ ಅಂದ. ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿಸಿದವನ ಬುದ್ಧಿ ಇದು.

ಕಂಟ್ರೋಲರನ್ನು ಹಿಂದಕ್ಕೆ ತಂದು, ವಾಯರೆಲ್ಲ ಬದಲಿಸಬೇಕು, ಮೂರು ದಿನ ಬೇಕು ಅಂದೆ. ಒಪ್ಪಿದ. ಮುಂದಿನ ವಾರ ಕಾಶಿಗೆ ಹೊರಡಬೇಕಂತೆ.

ಅವತ್ತು ಸಗರದ ಮನೆಗೆ ಹೋಗಿ ಅವ್ವನಿಗೆ ಏನೂ ಹೇಳಲಿಲ್ಲ. ರೊಟ್ಟಿ ಮುರಿಯುತ್ತ ಆ ಬಸ್ಸನ್ನು ಸುಡುವ ದಾರಿಗಳನ್ನು ಲೆಕ್ಕ ಹಾಕುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಗಿಯೇ ಹಾಕುತ್ತಿದ್ದೆ. ಬ್ಯಾಟರಿಯ ಒಂದು ನಟ್ಟನ್ನು ಅರ್ಧ ಸುತ್ತು ಸಡಿಲ ಬಿಟ್ಟರೆ ಸಾಕು, ದಾರಿಯ ಕುಲುಕಾಟಕ್ಕೆ ಅದು ಕಿಡಿ ಹಾರಿಸುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಮಂಚದ ಮೇಲೆ ಕಲ್ಯಾಣಮ್ಮನೂ ಮಲಗುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಅವನು ಸುಟ್ಟು ಸತ್ತರೆ ಅವನ ಬಾಯಿಯೂ ಸುಟ್ಟು ಹೋಗುತ್ತದೆ. ನನಗೆ ಬೇಕಿದ್ದದ್ದು ಆ ಬಾಯಿ.

ಮರುದಿನ ಬಿಸಿಲು ಏರುವ ಮೊದಲೇ ಬಸ್ಸಿನ ಮೇಲೆ ಹತ್ತಿ ಪ್ಯಾನೆಲ್‌ಗಳಿಗೆ ತಾಡಪತ್ರಿ ಹೊದಿಸಿದೆ. ಬಿಸಿಲು ಬಿದ್ದಷ್ಟು ಹೊತ್ತೂ ಅವು ಕರೆಂಟ್ ಹುಟ್ಟಿಸುತ್ತಲೇ ಇರುತ್ತವೆ, ಅವಕ್ಕೆ ಸ್ವಿಚ್ ಇಲ್ಲ. ಕಂಟ್ರೋಲರಿನಿಂದ ಮೊದಲು ಪ್ಯಾನೆಲಿನ ವಾಯರು ಬಿಚ್ಚಿದೆ, ಆಮೇಲೆ ಬ್ಯಾಟರಿಯದು. ಕೂಡಿಸುವಾಗ ಇದರ ತಿರುವುಮುರುವು, ಬ್ಯಾಟರಿ ಮೊದಲು, ಪ್ಯಾನೆಲ್ ಕೊನೆಗೆ. ಹಾಗೆ ಮಾಡದಿದ್ದರೆ ಕಂಟ್ರೋಲರು ಹಾಳಾಗುತ್ತದೆ. ಬಸವಂತ್ರಾಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಅದನ್ನು ಹಿಂಗ ಹಿಡಿ ಇದನ್ನು ಹಂಗ ತಿರುಗಿಸು ಅಂತ ನನಗೆ ಪಾಠ ಹೇಳುತ್ತಿದ್ದ. ಹೆಣ್ಣುಮಗಳು ಸ್ಪ್ಯಾನರ್ ಹಿಡಿದಿದ್ದನ್ನು ಕಂಡರೆ ಕೆಲವರಿಗೆ ನಾಲಿಗೆ ತುರಿಸುತ್ತದೆ. ಹೂಂ ಅಂದುಕೊಂಡು ನನ್ನ ಪಾಡಿಗೆ ನಾನು ಮಾಡಿದೆ.

ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಮಂಚದ ಹಲಗೆ ಎತ್ತಿದೆ. ಬ್ಯಾಟರಿಗಳ ಪಕ್ಕ, ನೇರ ಅವಕ್ಕೇ ಕೂಡಿಸಿದ ಇನ್ವರ್ಟರ್ ಚಾಲೂ ಇತ್ತು. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂತೆ ಇನ್ನೂರ ಮೂವತ್ತು ವೋಲ್ಟಿಗೆ ಏರಿಸಿ ಮಿಕ್ಸಿಗೂ ಕೂಲರಿಗೂ ಕಳಿಸುವ ಯಂತ್ರ ಅದು. ಮುಟ್ಟಿದರೆ ಮನೆಯ ಕರೆಂಟಿನಷ್ಟೇ ಹೊಡೆಯುತ್ತದೆ. ಅದರ ಲೈನಿಗೆ ಅವನು ಹಳೇ ಕಾಲದ ಪಿಂಗಾಣಿ ಫ್ಯೂಸ್ ಹಾಕಿಸಿದ್ದ. ಫ್ಯೂಸ್ ಕಿತ್ತು ಟೆಸ್ಟರ್ ಹಿಡಿದೆ. ಅದರ ದೀಪ ಉರಿಯಿತು. ಫ್ಯೂಸ್ ಇಲ್ಲ, ಕರೆಂಟ್ ಇದೆ. ಟಾರ್ಚ್ ಹಾಕಿ ನೋಡಿದರೆ ಫ್ಯೂಸಿನ ಹಿಂದಿನಿಂದ ಒಂದು ದಪ್ಪ ತಾಮ್ರದ ತಂತಿ ಮೂರು ಸುತ್ತು ಸುತ್ತಿಕೊಂಡು ಆ ಕಡೆಯಿಂದ ಈ ಕಡೆಗೆ ಹೋಗಿತ್ತು.

ಚಾಚಾನನ್ನು ಕರೆದು ತೋರಿಸಿದೆ. "ಅದು ಸಾವುಕಾರ್ರ ಕಾರುಬಾರು ಬೇಟಿ," ಅಂದ. "ಮಿಕ್ಸಿ, ಕೂಲರು ಕೂಡೇ ಹಚ್ಚಿದ್ರ ಫ್ಯೂಸ್ ಹೋಗ್ತದಂತ ತಾವೇ ಕುಂತು ಸುತ್ಯಾರ. ನಾ ಬ್ಯಾಡ ಅಂದೆ. ನನಗ ಕಲಸ್ತೀಯೇನಲೇ ಅಂದ್ರು."

  ಅಪ್ಪನ ಕಿಸೆಯಲ್ಲಿ ಫ್ಯೂಸ್ ಇದ್ದರೂ ಲೈನಿಗೆ ಕರೆಂಟ್ ಹೇಗೆ ಬಂತು ಎಂಬುದು ನನಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದರೂ ತೋರಿಸಲಿಕ್ಕೆ ಏನೂ ಇರಲಿಲ್ಲ. ಈಗ ಆ ಚಾಳಿಯೇ ಕಣ್ಣೆದುರು ಸುತ್ತಿಕೊಂಡು ಕೂತಿತ್ತು. ಇನ್ವರ್ಟರ್ ಬಂದ್ ಮಾಡಿ ತಂತಿಯನ್ನು ಕತ್ತರಿಸಿ ತೆಗೆದೆ. ಮತ್ತೆ ಚಾಲೂ ಮಾಡಿ, ಫ್ಯೂಸ್ ಕಿತ್ತು ಟೆಸ್ಟರ್ ಹಿಡಿದು ನೋಡಿದೆ. ಲೈನ್ ಸತ್ತಿತ್ತು. ಸಾವುಕಾರನಿಗೆ ಇದನ್ನು ಹೇಳಬೇಡ ಅಂತ ಚಾಚಾನಿಗೆ ಹೇಳಿದೆ. ನನ್ನ ಮುಖ ನೋಡಿ ಅವನು ಯಾಕೆ ಅಂತಲೂ ಕೇಳಲಿಲ್ಲ.

ಮೂರನೆಯ ದಿನ ಹುಣ್ಣಿಮೆ. ಮಧ್ಯಾಹ್ನದ ಹೊತ್ತಿಗೆ ಕಂಟ್ರೋಲರು ಬ್ಯಾಟರಿಯಿಂದ ಒಂದು ಮೊಳ ದೂರದಲ್ಲಿ, ಗಾಳಿಯಾಡುವ ಕಪಾಟಿನ ಗೋಡೆಗೆ ಏರಿತ್ತು. ದಪ್ಪ ವಾಯರು, ಬಿಗಿಯಾದ ನಟ್ಟು, ಎಲ್ಲ ನಾನು ಬೇರೆಯವರಿಗೆ ಮಾಡುವ ಹಾಗೇ. ಬ್ಯಾಟರಿಯನ್ನು ಕೂಡಿಸಿದ್ದೆ, ಪ್ಯಾನೆಲಿನ ವಾಯರಷ್ಟೇ ಉಳಿದಿತ್ತು. ಕಲ್ಯಾಣಮ್ಮ ಅವತ್ತು ಗಂಡನ ಜೊತೆ ಬಂದು ಅಡುಗೆ ಕಟ್ಟೆಯ ಮೇಲೆ ಡಬ್ಬಿಗಳನ್ನು ಜೋಡಿಸುತ್ತಿದ್ದರು. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಉಪ್ಪಿನಕಾಯಿ. ನನಗೂ ಚಹಾ ಕೊಟ್ಟು, ನಿನ್ನ ಕೈಗುಣ ಚಲೋ ಅದವ್ವ ಅಂದರು. ಅವರ ಮೇಲೆ ನನಗೆ ದ್ವೇಷವಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವ್ವನಿಗೆ ಹೇಳಿದ ಬುದ್ಧಿಮಾತನ್ನು ನಾನು ಮರೆತಿರಲಿಲ್ಲ.

ಇನ್ವರ್ಟರಿನ ಲೈನು ಫ್ಯೂಸ್ ದಾಟಿ ಮುಂದೆ ಹೋಗುವಲ್ಲಿ ಒಂದು ಹಳೆ ಜೋಡಣೆ ಇತ್ತು. ಅದರ ಟೇಪು ಬಿಚ್ಚಿ ಎರಡು ತುದಿಗಳನ್ನು ಬೆತ್ತಲೆ ಬಿಟ್ಟೆ. ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದೆ. ಇನ್ವರ್ಟರನ್ನು ಚಾಲೂ ಮಾಡಿಯೇ ಇಟ್ಟೆ, ಅದರ ಕೆಂಪು ದೀಪ ಒಳಗಿನ ಕತ್ತಲಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಬಸವಂತ್ರಾಯನನ್ನು ಕರೆದೆ. ಸಾವುಕಾರರೇ, ಇದು ಅನುಭವಸ್ಥರ ಕೈ ಬೇಡುವ ಕೆಲಸ, ಒಳಗೆ ಆ ಎರಡು ತುದಿಗಳನ್ನು ಒಂದೊಂದು ಕೈಯಲ್ಲಿ ಹಿಡಿದರೆ ನಾನು ಈ ಕಡೆಯಿಂದ ವಾಯರು ಹಾಯುವ ಪೈಪು ದೂಡುತ್ತೇನೆ ಅಂದೆ. ಮೂರು ದಿನದಿಂದ ಪಾಠ ಹೇಳುತ್ತಿದ್ದವನಿಗೆ ಇಷ್ಟೇ ಬೇಕಿತ್ತು. ಅಂಗಿಯ ತೋಳು ಮಡಚಿ, ಬೋರಲಾಗಿ ಮಲಗಿ, ತಲೆ ಮತ್ತು ಎರಡೂ ಕೈಗಳನ್ನು ಮಂಚದ ಕೆಳಗೆ ತೂರಿಸಿದ.

ಕೈ ನೀಡಿದವನು ಅರ್ಧಕ್ಕೆ ನಿಲ್ಲಿಸಿದ. ಕೆಂಪು ದೀಪ ಕಂಡಿತ್ತು. ಇನ್ವರ್ಟರ್ ಬಂದ್ ಮಾಡು ಅಂದ. ಕಂಟ್ರೋಲರು ಈಗಷ್ಟೇ ಬ್ಯಾಟರಿಯನ್ನು ಓದುತ್ತಿದೆ, ನಡುವೆ ಬಂದ್ ಮಾಡಿದರೆ ಮತ್ತೆ ಮೊದಲಿನಿಂದ ಆಗುತ್ತದೆ ಅಂದೆ. ಶುದ್ಧ ಸುಳ್ಳು. ಅವನಿಂದಲೇ ಕಲಿತದ್ದು ಅಂದುಕೊಳ್ಳಿ.

"ಫ್ಯೂಸ್ ಕಿತ್ತೀನ್ರಿ," ಅಂದೆ. "ನೋಡ್ರಿ, ನನ್ನ ಕೈಯಾಗ ಅದ. ಲೈನ್ ಬಂದ್ ಅದ, ಹಿಡೀರಿ."

ಅವನು ಹಿಡಿಯಲಿಲ್ಲ. ಕೈಗಳನ್ನು ಎದೆಯ ಕೆಳಗೆ ಎಳೆದುಕೊಂಡ.  ಮೊದಲು ಇನ್ವರ್ಟರ್ ಬಂದ್ ಮಾಡು, ಮೊದಲು ಬಂದ್ ಮಾಡು ಅಂತ ಅದನ್ನೇ ಹೇಳತೊಡಗಿದ. ನಾನೂ ಅದನ್ನೇ ಹೇಳಿದೆ, ಫ್ಯೂಸ್ ನನ್ನ ಕೈಯಲ್ಲಿದೆ, ಫ್ಯೂಸ್ ನನ್ನ ಕೈಯಲ್ಲಿದೆ. ಕಲ್ಯಾಣಮ್ಮ ಡಬ್ಬಿ ಕೆಳಗಿಟ್ಟು ತಿರುಗಿ ನೋಡಿ ನಕ್ಕರು.

"ಅಲ್ರೀ, ಹುಡುಗಿ ಫ್ಯೂಸ್ ಕಿತ್ತು ತೋರಸಾಕತ್ತಾಳ. ಮೂವತ್ತು ವರ್ಷ ಇದೇ ಕೆಲಸ ಮಾಡ್ಸೀನಿ ಅಂತೀರಿ, ಹಿಡಿಯಾಕ ಅಂಜತೀರಲ್ಲ."

ಹೆಂಡತಿಯ ನಗುವನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಒಳಗಿನಿಂದಲೇ ರೇಗಿದ.

"ಫ್ಯೂಸ್ ಕಿತ್ರ ಏನಾತು? ಅದರ ಹಿಂದ ನಾನೇ ತಂತಿ ಸುತ್ತೀನಿ. ಫ್ಯೂಸ್ ಇದ್ರೂ ಕರೆಂಟ್ ಬರ್ತದ, ಇಲ್ದಿದ್ರೂ ಬರ್ತದ."

ಬಾಗಿಲಲ್ಲಿ ನಿಂತಿದ್ದ ಚಾಚಾ ಬೀಡಿ ಎಸೆದ.  ಈ ಗಳಿಗೆಯನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. ಕಲ್ಪನೆಯಲ್ಲಿ ನಾನು ಯಾವಾಗಲೂ ಚೀರುತ್ತಿದ್ದೆ. ಈಗ ಧ್ವನಿ ತಣ್ಣಗೆ ಬಂತು.

"ಕಡೇಚೂರಾಗೂ ಹಿಂಗೇ ಸುತ್ತಿದ್ರೇನ್ರಿ?"

ಯಾವ ಕಡೇಚೂರು ಅಂತ ಅವನು ಕೇಳಿದ. ಕೇಳುವಾಗಲೇ ಗಂಟಲು ಕೆರೆದ.

"ನಾ ದೇವಿಂದ್ರನ ಮಗಳು."

ಅವನು ಹಿಂದಕ್ಕೆ ಸರಿಯುವ ಗಡಿಬಿಡಿಯಲ್ಲಿ ಮಂಚದ ಕಬ್ಬಿಣಕ್ಕೆ ತಲೆ ಬಡಿಸಿಕೊಂಡ. ಹೊರಗೆ ಬಂದು ತಲೆ ಉಜ್ಜಿಕೊಳ್ಳುತ್ತ ಕೂತ. ನಾನು ಬಗ್ಗಿ, ಆ ಎರಡೂ ಬೆತ್ತಲೆ ತುದಿಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ಅವನಿಗೆ ತೋರಿಸಿದೆ. ನಿಮ್ಮ ತಂತಿಯನ್ನು ನಾನು ನಿನ್ನೆಯೇ ತೆಗೆದಿದ್ದೇನೆ ಅಂದೆ. ಲೈನ್ ನಿಜವಾಗಿಯೂ ಸತ್ತಿತ್ತು, ಹಿಡಿದಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಹಿಡಿದಿದ್ದರೆ ಸಾಕಿತ್ತು ಎಂಬುದು ಅವನಿಗೆ ನಿಧಾನವಾಗಿ ಹೊಳೆಯಿತು. ಅದು ಹೊಳೆಯುವುದನ್ನು ನಾನು ಕಣ್ಣು ತುಂಬ ನೋಡಿದೆ. ಹನ್ನೊಂದು ವರ್ಷದಲ್ಲಿ ಅಷ್ಟು ಸುಖ ನನಗೆ ಇನ್ನಾವುದರಿಂದಲೂ ಸಿಕ್ಕಿರಲಿಲ್ಲ.

ಕಲ್ಯಾಣಮ್ಮ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದರು. ನನ್ನ ಕೈಯಲ್ಲಿದ್ದ ಫ್ಯೂಸನ್ನು ನೋಡುತ್ತಿದ್ದರು. ಬಂದು ಅದನ್ನು ಇಸಿದುಕೊಂಡರು.

"ಅವತ್ತ ಆ ಫ್ಯೂಸ್ ನಾನೇ ಎತ್ತಿ ಕೊಟ್ಟಿದ್ದೆ," ಅಂದರು. "ಅಂವಾ ಕಿತ್ತು ಕಿಸೆದಾಗ ಇಟಗೊಂಡಿದ್ದ. ನೀವು ತಂತಿ ಸುತ್ತಿದ್ರಿ. ಹೌದಿಲ್ಲೋ?"

ಅವನು ಏನೇನೋ ಹೇಳಿದ. ಹಳೇ ಮಾತು, ಈಗ್ಯಾಕೆ, ಈ ಹುಡುಗಿ ಬೇಕಂತ ಹೀಗೆ ಮಾಡಿದ್ದಾಳೆ, ಇವಳ ಮೇಲೆ ಕೇಸು ಹಾಕುತ್ತೇನೆ. ಸುತ್ತಲಿಲ್ಲ ಅಂತ ಮಾತ್ರ ಹೇಳಲಿಲ್ಲ. ಕಲ್ಯಾಣಮ್ಮ ಎಲ್ಲವನ್ನೂ ಕೇಳಿಸಿಕೊಂಡು ಮಂಚದ ಅಂಚಿಗೆ ಕೂತರು.

"ಗಂಡನ್ನ ಕಳಕೊಂಡಾಕಿ ಮುಂದ ಕುಂತು, ಕುಡ್ತ ಬಿಡಸಬೇಕಿತ್ತವ್ವ ಅಂತ ಬುದ್ಧಿ ಹೇಳಿ ಬಂದೀನಿ ನಾನು. ನಿಮ್ಮ ಸುಳ್ಳು ನನ್ನ ಬಾಯಿಲೆ ಆಡಿಸಿದ್ರಿ."

ಆಮೇಲೆ ನನ್ನ ಕಡೆ ತಿರುಗಿ, ಈಗ ಏನು ಮಾಡಬೇಕವ್ವ ಅಂತ ಕೇಳಿದರು. ಕ್ಷಮಿಸು ಅಂತ ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ. ಅವರು ಕೇಳಲಿಲ್ಲ. ಸಂಜೆ ವಿಹಾರದಲ್ಲಿ ಜನ ಸೇರುತ್ತಾರೆ, ಇದೇ ಮಾತನ್ನು ಅಲ್ಲಿ ಬಂದು ಆಡಲಿ ಅಂದೆ. ಬಸವಂತ್ರಾಯ ಸತ್ತರೂ ಬರುವುದಿಲ್ಲ ಅಂದ. ಕಲ್ಯಾಣಮ್ಮ, ಹಾಗಾದರೆ ನಾನು ಈ ಬಸ್ಸಿಗೂ ಹತ್ತುವುದಿಲ್ಲ, ನಿಮ್ಮ ಮನೆಗೂ ಬರುವುದಿಲ್ಲ, ಸಗರಕ್ಕೆ ನಾನೊಬ್ಬಳೇ ಹೋಗಿ ನಿಮ್ಮ ಹೆಸರು ಹೇಳಿ ಬರುತ್ತೇನೆ ಅಂದರು. ಅವರ ದನಿ ಏರಲೇ ಇಲ್ಲ. ಅವನು ಹೆಂಡತಿಯ ಮುಖವನ್ನು ಎರಡು ಸಲ ನೋಡಿದ. ಆಮೇಲೆ ಚಾಚಾನಿಗೆ ಬಸ್ಸಿನ ಕೀಲಿ ಕೊಟ್ಟು, ನೀನೇ ಓಡಿಸು ಅಂದ. ಕಾಶಿಗೆ ಹೊರಡಬೇಕಿದ್ದ ಮನಿ ಬಸ್ಸು ಸಗರದ ದಾರಿ ಹಿಡಿಯಿತು.

ವಿಹಾರದ ಮುಂದೆ ಬಸ್ಸು ನಿಂತಾಗ ಸೂರ್ಯ ಇನ್ನೂ ಇದ್ದ. ಒಳಗೆ ಮೂವತ್ತು ನಲವತ್ತು ಜನ ಚಾಪೆಯ ಮೇಲೆ ಕೂತಿದ್ದರು. ಅವ್ವ ಎಂದಿನಂತೆ ಹೊರಗಿನ ಕಟ್ಟೆಯ ಮೇಲಿದ್ದಳು. ಬಸ್ಸಿನಿಂದ ನಾನು ಇಳಿದೆ, ನನ್ನ ಹಿಂದೆ ಅವನು ಇಳಿದ. ಅವ್ವ ಅವನನ್ನು ಗುರುತು ಹಿಡಿದು ಎದ್ದು ನಿಂತಳು. ನಾನು ಅವಳ ಕಿವಿಯಲ್ಲಿ ಎರಡು ಮಾತು ಹೇಳಿದೆ. ಅವಳು ಅಳುತ್ತಾಳೆ, ಕುಸಿಯುತ್ತಾಳೆ ಅಂದುಕೊಂಡು ತೋಳು ಹಿಡಿದೆ. ಅವಳು ನನ್ನ ಕೈ ಬಿಡಿಸಿಕೊಂಡು, ಸೆರಗು ಸರಿಮಾಡಿಕೊಂಡು, ಎಲ್ಲರಿಗಿಂತ ಮೊದಲು ಒಳಗೆ ನಡೆದಳು. ನೇರ ಮುಂದೆ ಹೋಗಿ, ಅಂಬ್ರಪ್ಪ ಮಾಸ್ತರರ ಪಕ್ಕದಲ್ಲೇ ಕೂತಳು. ಮಾಸ್ತರರು ಸರಿದು ಜಾಗ ಕೊಟ್ಟರು.

ಇವರು ದೇವಿಂದ್ರನ ವಿಷಯ ಒಂದು ಮಾತು ಹೇಳಬೇಕಂತೆ ಅಂತ ನಾನು ಅಂದೆ. ಬಸವಂತ್ರಾಯ ಬಾಗಿಲ ಬಳಿಯೇ ನಿಂತು, ನೆಲ ನೋಡುತ್ತ, ದೇವಿಂದ್ರ ಅವತ್ತು ಕುಡಿದಿರಲಿಲ್ಲ, ಏನೋ ತಪ್ಪಾಗಿತ್ತು ಅಂದ. ಅಂದವನೇ ಹೊರಡಲು ತಿರುಗಿದ. ಅಷ್ಟೇ ಆಗಿದ್ದರೂ ನನಗೆ ಸಾಕಿತ್ತು. ಇದೇ ಮಾತಿಗೆ ನಾನು ಹನ್ನೊಂದು ವರ್ಷ ಕಾದವಳು.

ಅವ್ವನಿಗೆ ಸಾಕಾಗಲಿಲ್ಲ.

"ನಿಂದರ್ರಿ," ಅಂದಳು. "ಇಲ್ಲಿ ಏನು ಹೇಳಿದ್ರೂ ಮೂರು ಸಲ ಹೇಳೋದು ಪದ್ಧತಿ ಅದ. ಇನ್ನ ಎರಡು ಉಳದಾವ. ಮುಂದ ಬಂದು ಹೇಳ್ರಿ."

ಬುದ್ಧನಿಗೆ ಶರಣು ಹೋಗುವ ಮಾತನ್ನು ನಾವು ಮೂರು ಸಲ ಹೇಳುವುದು ನಿಜ. ತಪ್ಪು ಒಪ್ಪಿಕೊಳ್ಳುವವರಿಗೂ ಆ ಪದ್ಧತಿ ಉಂಟೆಂದು ನಾನು ಎಲ್ಲೂ ಕೇಳಿರಲಿಲ್ಲ. ಅಂಬ್ರಪ್ಪ ಮಾಸ್ತರರೂ ಕೇಳಿರಲಿಕ್ಕಿಲ್ಲ. ಅವರು ಅವ್ವನ ಮುಖ ನೋಡಿ, ಹೌದು ಹೌದು, ಮೂರು ಸಲ ಅಂದರು. ಕಲ್ಯಾಣಮ್ಮ ಗಂಡನ ರಟ್ಟೆ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದರು.

ಎರಡನೆಯ ಸಲ ಹೇಳುವಾಗ ಏನೋ ತಪ್ಪಾಗಿತ್ತು ಎಂಬುದು ಅವನ ಬಾಯಿಂದ ಬರಲಿಲ್ಲ. ನಲವತ್ತು ಜೊತೆ ಕಣ್ಣುಗಳ ಮುಂದೆ ಅದು ನಿಲ್ಲುವ ಮಾತಾಗಿರಲಿಲ್ಲ. ದೇವಿಂದ್ರ ಕುಡಿದಿರಲಿಲ್ಲ, ಫ್ಯೂಸ್ ಕಿತ್ತೇ ಹತ್ತಿದ್ದ, ನಾನೇ ತಂತಿ ಸುತ್ತಿ ಕರೆಂಟ್ ಕೊಟ್ಟೆ ಅಂದ. ಹಿಂದೆ ಯಾರೋ ಹೆಂಗಸು ಬಿಕ್ಕಿದಳು. ಅವ್ವ ಅಲುಗಲಿಲ್ಲ. ಇನ್ನೊಂದು ಅಂತ ಬೆರಳೆತ್ತಿ ತೋರಿಸಿದಳು.

ಮೂರನೆಯ ಸಲಕ್ಕೆ ಅವನು ಅವ್ವನ ಕಡೆ ತಿರುಗಿದ.  ಅವಳೊಬ್ಬಳಿಗೇ ಹೇಳುವವನಂತೆ ಹೇಳಿದ.

"ಮ್ಯಾಲ ಅದಾನಂತ ಗೊತ್ತಿತ್ತು. ಡಬ್ಬಿದಾಗ ಫ್ಯೂಸ್ ಇಲ್ಲಂದ್ರ ಅಂವಾ ಇನ್ನಾ ಮ್ಯಾಲೇ ಅದಾನ ಅಂತ ಅರ್ಥ, ಅದು ನನಗ ಗೊತ್ತಿತ್ತು. ಸಾಹೇಬ್ರು ನಿಂತಿದ್ರು. ಇಳದಿರಬೇಕು ಬಿಡು ಅನಕೊಂಡೆ. ಡಬ್ಬಿ ಇದ್ದ ಶೆಡ್ಡಿನ ಗ್ವಾಡಿ ಆಚಿಗಿ ಎರಡು ಹೆಜ್ಜಿ ಹೋಗಿದ್ರ ಕಂಬದ ಮ್ಯಾಲ ಕಾಣಸ್ತಿದ್ದ. ಹೋಗಲಿಲ್ಲ."

ಎರಡು ಹೆಜ್ಜೆ. ಇಷ್ಟು ವರ್ಷ ನಾನು ಅವನನ್ನು ಸುಳ್ಳುಗಾರ ಅಂತಷ್ಟೇ ದ್ವೇಷಿಸಿದ್ದೆ, ಆ ದ್ವೇಷ ಏನೇನೂ ಸಾಲದು ಅಂತ ಆಗ ಗೊತ್ತಾಯಿತು. ಬಸ್ಸಿನ ಬ್ಯಾಟರಿಯ ನಟ್ಟನ್ನು ಯಾಕೆ ಬಿಗಿದೆನೋ ಅನ್ನಿಸಿತು. ಅವನ ಕುತ್ತಿಗೆಗೆ ಕೈ ಹಾಕಬೇಕೆನ್ನಿಸಿತು. ಚಾಚಾ ನನ್ನ ಹೆಗಲ ಮೇಲೆ ಕೈ ಇಟ್ಟು ಬಲವಾಗಿ ಒತ್ತಿ ಹಿಡಿದ. ಕಲ್ಯಾಣಮ್ಮ ಗಂಡನ ರಟ್ಟೆಯನ್ನು ಬಿಟ್ಟು ದೂರ ಸರಿದು ನಿಂತರು.

ಅಂಬ್ರಪ್ಪ ಮಾಸ್ತರರು ಅವ್ವನಿಗೆ ಕೈಮುಗಿದರು. ಆಮೇಲೆ ಮೆಲ್ಲಗೆ, ಎಲ್ಲ ಹೇಳಿದ್ದಾನೆ ತಾಯಿ, ಇನ್ನು ಇವನನ್ನು ಕಳಿಸೋಣವೇ ಅಂತ ಕೇಳಿದರು. ಅವ್ವ ಸುತ್ತ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅಪ್ಪನ ಹೆಸರಿಗೆ ಸಿಂಧಿ ಅಂಟಿಸಿ ನಕ್ಕವರೆಲ್ಲ ಅಲ್ಲಿರಲಿಲ್ಲ. ಕೆಲವರು ಹೊಲದಲ್ಲಿದ್ದರು, ಕೆಲವರು ಯಾದಗಿರಿಗೆ ಹೋಗಿದ್ದರು.

"ಹೋಗ್ಲಿ," ಅಂದಳು ಅವ್ವ. "ಮುಂದಿನ ಹುಣ್ಣಿಮಿಗಿ ಮತ್ತ ಬಂದು ಹೇಳ್ಲಿ. ಇವತ್ತ ಬರಲಾರದವ್ರು ಬಾಳ ಮಂದಿ ಅದಾರ."

ಬಸವಂತ್ರಾಯ ಹೆಂಡತಿಯ ಕಡೆ ನೋಡಿದ. ಕಲ್ಯಾಣಮ್ಮ ಅವನನ್ನು ನೋಡಲಿಲ್ಲ. ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಮುಂದಿನ ಹುಣ್ಣಿಮೆ ಯಾವ ವಾರ ಬರುತ್ತದೆ ಅಂತ ಮಾಸ್ತರರನ್ನು ಕೇಳಿದರು.